ದಾರಿಯಲ್ಲಿ ಕರಗುವ ಕರೆಂಟು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯ ನಾಲ್ಕನೆಯ ಬ್ಯಾಚಿನವನು. ಇಲ್ಲಿಂದ ಹೋದಮೇಲೆ ಎಲೆಕ್ಟ್ರಿಕಲ್ ಓದಿ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತಂತಿ, ಕಂಬ, ಟವರು, ಸಬ್‌ಸ್ಟೇಷನ್ನುಗಳ ನಡುವೆ ಕೆಲಸ ಮಾಡಿ ನಿವೃತ್ತನಾದೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಭಾಷಣಕ್ಕೆ ‘ದಾರಿಯಲ್ಲಿ ಕರಗುವ ಕರೆಂಟು’ ಎಂದು ಹೆಸರಿಟ್ಟಿದ್ದಾರೆ. ಹೆಸರು ಕೇಳಲು ಚೆನ್ನಾಗಿದೆ. ಆದರೆ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಇದನ್ನು ಪರೀಕ್ಷೆಯಲ್ಲಿ ಬರೆದರೆ ವಿಜ್ಞಾನದ ಮೇಡಂ ಅಂಕ ಕಳೆಯುತ್ತಾರೆ. ತಂತಿಯ ಒಂದು ತುದಿಯಿಂದ ಎಷ್ಟು ಆಂಪಿಯರ್ ಹೊರಡುತ್ತದೋ ಇನ್ನೊಂದು ತುದಿಗೆ ಅಷ್ಟೇ ತಲುಪುತ್ತದೆ. ಕಾಲುವೆಯ ನೀರು ಇಂಗುವ ಹಾಗೆ ವಿದ್ಯುತ್ ಪ್ರವಾಹ ನೆಲಕ್ಕೆ ಇಂಗುವುದಿಲ್ಲ. ದಾರಿಯಲ್ಲಿ ಇಳಿಯುವುದು ಒತ್ತಡ, ಅಂದರೆ ವೋಲ್ಟೇಜು. ಅದರ ಜೊತೆಗೆ ಶಕ್ತಿಯ ಒಂದು ಪಾಲು ಶಾಖವಾಗಿ ಗಾಳಿಗೆ ಹೋಗುತ್ತದೆ. ಆ ಪಾಲು ಎಷ್ಟು, ಎಲ್ಲಿ ಹೋಗುತ್ತದೆ, ಅದರ ಹಣವನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಹೇಳಲು ನಿಂತಿದ್ದೇನೆ.

ವೋಲ್ಟು, ಆಂಪಿಯರ್ ಎಂದರೆ ಹಿರಿಯರಿಗೆ ಬೇಸರ ಬರಬಹುದು. ಹಾಗಾಗಿ ದುಡ್ಡಿನ ಲೆಕ್ಕದಲ್ಲಿ ಹೇಳುತ್ತೇನೆ. ಇಲ್ಲಿಂದ ಕೋಲಾರಕ್ಕೆ ಒಂದು ಲಕ್ಷ ರೂಪಾಯಿ ಹೊತ್ತುಕೊಂಡು ಹೋಗಬೇಕು. ಐನೂರರ ನೋಟಾದರೆ ಇನ್ನೂರು ಹಾಳೆ, ಜೇಬಿನಲ್ಲಿ ಹಿಡಿಯುತ್ತದೆ. ಒಂದು ರೂಪಾಯಿ ನಾಣ್ಯವಾದರೆ ಲಕ್ಷ ನಾಣ್ಯ, ಎತ್ತಿನ ಗಾಡಿ ಕಟ್ಟಬೇಕು. ಬೆಲೆ ಎರಡರದೂ ಒಂದೇ. ವೋಲ್ಟೇಜು ಎಂದರೆ ನೋಟಿನ ಮುಖಬೆಲೆ ಇದ್ದ ಹಾಗೆ. ಆಂಪಿಯರ್ ಎಂದರೆ ಎಷ್ಟು ನೋಟು, ಎಷ್ಟು ನಾಣ್ಯ ಎಂಬ ಎಣಿಕೆ. ಎರಡನ್ನೂ ಗುಣಿಸಿದರೆ ಬರುವುದು ಸಾಗಿಸಿದ ಶಕ್ತಿ. ತಂತಿ ಎಂಬ ದಾರಿಯಲ್ಲಿ ಒಂದು ಸುಂಕದ ಕಟ್ಟೆ ಇದೆ. ಅದು ಮುಖಬೆಲೆ ನೋಡಿ ಸುಂಕ ಹಾಕುವುದಿಲ್ಲ, ಎಣಿಕೆ ನೋಡಿ ಹಾಕುತ್ತದೆ. ಎಣಿಕೆಯ ವರ್ಗಕ್ಕೆ ಹಾಕುತ್ತದೆ, ಅದೇ ಕಷ್ಟ. ಎಣಿಕೆ ಎರಡು ಪಟ್ಟಾದರೆ ಸುಂಕ ನಾಲ್ಕು ಪಟ್ಟು. ಹತ್ತು ಪಟ್ಟಾದರೆ ನೂರು ಪಟ್ಟು.

ಈ ನಿಯಮವನ್ನು 1840ರ ಆಸುಪಾಸಿನಲ್ಲಿ ಜೇಮ್ಸ್ ಜೂಲ್ ಎಂಬ ಇಂಗ್ಲಿಷ್ ವಿಜ್ಞಾನಿ ಪ್ರಯೋಗ ಮಾಡಿ ತೋರಿಸಿದರು. ನಮಗೆ ತೋರಿಸಿದ್ದು ನಮ್ಮ ವಿಜ್ಞಾನದ ಮೇಷ್ಟ್ರು, ಇದೇ ಕಟ್ಟಡದ ಹಿಂದಿನ ಕೋಣೆಯಲ್ಲಿ. ಪ್ರಯೋಗಾಲಯ ಅಂತ ಏನೂ ಇರಲಿಲ್ಲ. ಒಂದು ಮರದ ಕಪಾಟು, ಅದರಲ್ಲಿ ಎರಡು ಬೀಕರು, ಟಾರ್ಚಿನ ಸೆಲ್ಲುಗಳು, ಒಂದಿಷ್ಟು ತೆಳುವಾದ ತಂತಿ. ಒಂದು ಸೆಲ್ಲು ಹಾಕಿ ತಂತಿ ಮುಟ್ಟಿಸಿದರು, ಬೆಚ್ಚಗಿತ್ತು. ಎರಡು ಸೆಲ್ಲು ಸಾಲಾಗಿ ಇಟ್ಟು ಮುಟ್ಟಿಸಿದರು, ಬೆರಳು ಚುರ್ ಅಂದಿತು. ಎರಡರಷ್ಟು ಬಿಸಿ ಅಲ್ಲಪ್ಪ, ಅದಕ್ಕಿಂತ ಬಹಳ ಜಾಸ್ತಿ ಎಂದರು. ವರ್ಗದ ನಿಯಮ ಬೆರಳಿಗೆ ತಿಳಿದದ್ದು ಹಾಗೆ.

ಈ ಸುಂಕದಿಂದ ಪಾರಾಗುವ ಉಪಾಯ ಈಗ ಹೇಳಿದರೆ ಸುಲಭ: ದೂರ ಹೋಗಬೇಕಾದರೆ ದೊಡ್ಡ ನೋಟು ಮಾಡಿಕೊಂಡು ಹೋಗು, ಊರು ತಲುಪಿದಮೇಲೆ ಚಿಲ್ಲರೆ ಮಾಡಿಕೊ. ಚಿಲ್ಲರೆ ಮಾಡಿಕೊಡುವ ಪೆಟ್ಟಿಗೆಯೇ ಟ್ರಾನ್ಸ್‌ಫಾರ್ಮರು. ಆದರೆ ಇದು ನಿಜವಾಗಿ ದೂರದ ದಾರಿಯಲ್ಲಿ ನಡೆಯುತ್ತದೆ ಎಂದು ಲೋಕಕ್ಕೆ ತೋರಿಸಿದ್ದು 1891ರಲ್ಲಿ, ಜರ್ಮನಿಯಲ್ಲಿ. ನೆಕ್ಕಾರ್ ನದಿಯ ದಂಡೆಯ ಲಾಫೆನ್ ಎಂಬ ಊರಿನಿಂದ ಫ್ರಾಂಕ್‌ಫರ್ಟಿನ ವಸ್ತುಪ್ರದರ್ಶನಕ್ಕೆ ಸುಮಾರು 175 ಕಿಲೋಮೀಟರ್ ದೂರ ತಂತಿ ಎಳೆದು ಮೂರು ಫೇಸಿನ ವಿದ್ಯುತ್ ಕಳಿಸಿದರು. ಹೊರಟದ್ದರಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ತಲುಪಿತು. ಅದರಿಂದ ಸುಮಾರು ಸಾವಿರ ದೀಪ ಹಚ್ಚಿದರು, ಪಂಪು ನಡೆಸಿ ಪ್ರದರ್ಶನದಲ್ಲಿ ಒಂದು ಕೃತಕ ಜಲಪಾತವನ್ನೂ ಹರಿಸಿದರು. ಕಾಲು ಭಾಗ ದಾರಿಯಲ್ಲಿ ಹೋಯಿತು ಎಂದು ಯಾರೂ ಅಳಲಿಲ್ಲ. ಮುಕ್ಕಾಲು ಭಾಗ ಬಂತಲ್ಲ ಎಂದು ಬೆರಗಾದರು.

ಇದಾಗಿ ಹನ್ನೊಂದೇ ವರ್ಷಕ್ಕೆ ನಮ್ಮ ಮೈಸೂರು ಸಂಸ್ಥಾನ ಈ ಕೆಲಸಕ್ಕೆ ಕೈ ಹಾಕಿ ಗೆದ್ದಿತು ಎಂಬುದನ್ನು ನಮ್ಮ ಜಿಲ್ಲೆಯ ಮಕ್ಕಳು ತಿಳಿದಿರಬೇಕು. ಏಕೆಂದರೆ ಆ ತಂತಿಯ ಕೊನೆ ಇದ್ದದ್ದು ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ. ಗಣಿಯ ಯಂತ್ರಗಳು ಆಗ ಉಗಿಯಿಂದ ಓಡುತ್ತಿದ್ದವು. ಉಗಿಗೆ ಕಲ್ಲಿದ್ದಲು ಬೇಕು, ಸೌದೆ ಬೇಕು. ಸುತ್ತಲಿನ ಕಾಡು ಬೋಳಾಗುತ್ತಿತ್ತು. ಅತ್ತ ಶಿವನಸಮುದ್ರದಲ್ಲಿ ಕಾವೇರಿ ಸುಮ್ಮನೆ ಧುಮುಕುತ್ತಿದ್ದಳು. ನಡುವೆ 92 ಮೈಲಿ ದೂರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಸಂಸ್ಥಾನದಲ್ಲಿದ್ದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಈ ಯೋಜನೆ ರೂಪಿಸಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು ಹಡಗಿನಲ್ಲಿ ಬಂದವು. 1902ರ ಜೂನ್ 30ರಂದು ಗಣಿಗೆ ವಿದ್ಯುತ್ ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ರಾಜಧಾನಿಗಿಂತ ಮೂರು ವರ್ಷ ಮೊದಲೇ ನಮ್ಮ ಗಣಿಗೆ ಕರೆಂಟು ಬಂದಿತ್ತು. ನಮ್ಮ ಹಳ್ಳಿಗಳಿಗಲ್ಲ, ಗಣಿಗೆ. ದಾರಿಯ ಹಳ್ಳಿಗಳ ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿ ಇನ್ನೂ ಎಷ್ಟೋ ದಶಕ ಉರಿಯಿತು.

ಆ ಸಾಲಿನ ವೋಲ್ಟೇಜು 35,000. ಆರಂಭದಲ್ಲಿ ಗಣಿಗೆ ಕೊಟ್ಟದ್ದು ಸುಮಾರು 4,000 ಅಶ್ವಶಕ್ತಿ, ಎಂದರೆ ಹೆಚ್ಚೂಕಡಿಮೆ 3,000 ಕಿಲೋವಾಟ್. ಹತ್ತನೆಯ ತರಗತಿಯವರು ಮನೆಗೆ ಹೋಗಿ ಲೆಕ್ಕ ಮಾಡಿ: 35,000 ವೋಲ್ಟಿನಲ್ಲಿ ಇಷ್ಟು ಶಕ್ತಿ ಕಳಿಸಲು ಪ್ರತಿ ತಂತಿಯಲ್ಲಿ ಸುಮಾರು 50 ಆಂಪಿಯರ್ ಸಾಕು. ಅದನ್ನೇ 3,500 ವೋಲ್ಟಿನಲ್ಲಿ ಕಳಿಸಲು ಹೋಗಿದ್ದರೆ 500 ಆಂಪಿಯರ್ ಬೇಕಿತ್ತು. ಸುಂಕ ನೂರು ಪಟ್ಟು. ನೂರರಲ್ಲಿ ಒಂದು ಯೂನಿಟ್ ನಷ್ಟವಾಗುವ ಸಾಲಿನಲ್ಲಿ ನೂರಕ್ಕೆ ನೂರೂ ದಾರಿಯಲ್ಲೇ ಮುಗಿದು, ಗಣಿಗೆ ಏನೂ ಬರುತ್ತಿರಲಿಲ್ಲ. ಶಿವನಸಮುದ್ರದ ಸಾಹಸ ಇದ್ದದ್ದು ನೀರಿನ ಚಕ್ರದಲ್ಲಿ ಮಾತ್ರ ಅಲ್ಲ, ಆ 35,000 ಎಂಬ ಸಂಖ್ಯೆಯಲ್ಲಿ. ಅಷ್ಟು ವೋಲ್ಟೇಜನ್ನು ಮಳೆ, ಮಿಂಚು, ಮಂಗಗಳ ನಡುವೆ 92 ಮೈಲಿ ಕಾಪಾಡುವುದು ಆ ಕಾಲಕ್ಕೆ ಹುಡುಗಾಟವಲ್ಲ.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಇಲ್ಲಿ ಕುಳಿತವರಲ್ಲಿ ಹಲವರ ಮನೆಯಲ್ಲಿ ಆ ದಿನದ ನೋವು ಇನ್ನೂ ಇದೆ. ಅದಾಗಿ ಎರಡು ವರ್ಷಕ್ಕೆ ನಮ್ಮ ಜಿಲ್ಲೆಗೆ ಇನ್ನೊಂದು ದೂರದ ತಂತಿ ಬಂತು, ಈ ಬಾರಿ ಒಡಿಶಾದ ತಾಲ್ಚೇರಿನಿಂದ. ಅಲ್ಲಿ ಕಲ್ಲಿದ್ದಲ ಗಣಿಗಳ ಪಕ್ಕದಲ್ಲಿ 3,000 ಮೆಗಾವಾಟಿನ ಸ್ಥಾವರ ಇದೆ. ಅಲ್ಲಿಂದ ಸುಮಾರು 1,400 ಕಿಲೋಮೀಟರ್ ದೂರದ ಕೋಲಾರಕ್ಕೆ 500 ಕಿಲೋವೋಲ್ಟಿನ ನೇರ ವಿದ್ಯುತ್ ಸಾಲು 2003ರಲ್ಲಿ ಚಾಲೂ ಆಯಿತು. ಸಾಮರ್ಥ್ಯ 2,000 ಮೆಗಾವಾಟ್, ಆಮೇಲೆ 2,500ಕ್ಕೆ ಏರಿಸಿದರು. ಒಂದು ಕಡೆ ಧನ 500, ಇನ್ನೊಂದು ಕಡೆ ಋಣ 500. ಎರಡರ ನಡುವೆ ಹತ್ತು ಲಕ್ಷ ವೋಲ್ಟ್. ಇದು ದಿಕ್ಕು ಬದಲಿಸದೆ ಹರಿಯುವ ವಿದ್ಯುತ್. ನಮ್ಮ ಮನೆಗೆ ಬರುವುದು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ತೂಗುವ ವಿದ್ಯುತ್. ಬಹಳ ದೂರಕ್ಕೆ ತೂಗುವ ವಿದ್ಯುತ್ತಿಗಿಂತ ನೇರ ವಿದ್ಯುತ್ತೇ ಲಾಭ: ತಂತಿ ಕಡಿಮೆ, ನಷ್ಟ ಕಡಿಮೆ. ಆದರೆ ಎರಡೂ ತುದಿಯಲ್ಲಿ ಒಂದನ್ನು ಇನ್ನೊಂದಾಗಿ ಪರಿವರ್ತಿಸುವ ದುಬಾರಿ ಯಂತ್ರಾಗಾರ ಬೇಕು, ಹಾಗಾಗಿ ಹತ್ತಿರದ ದಾರಿಗೆ ಇದು ಕಟ್ಟುಬೀಳುವುದಿಲ್ಲ.

ಈಗ ಒಂದು ಪ್ರಶ್ನೆ. ತಾಲ್ಚೇರಿನಿಂದ ಕೋಲಾರಕ್ಕೆ ಬರುವ ಹೊತ್ತಿಗೆ ಎಷ್ಟು ಕರಗಿರುತ್ತದೆ? ನಾನು ಊರಿಗೆ ಬಂದಾಗಲೆಲ್ಲ ಅರಳಿಕಟ್ಟೆಯಲ್ಲಿ ಇದನ್ನು ಕೇಳಿದ್ದೇನೆ. ಅರ್ಧ ಎನ್ನುವವರಿದ್ದಾರೆ, ಮುಕ್ಕಾಲು ಎನ್ನುವವರೂ ಇದ್ದಾರೆ. ತಂತಿಯ ರೋಧ ಹಿಡಿದು ಪೂರ್ಣ ಹೊರೆಗೆ ಲೆಕ್ಕ ಹಾಕಿದರೆ, ಎರಡೂ ತುದಿಯ ಯಂತ್ರಗಳನ್ನೂ ಸೇರಿಸಿ, ಬರುವುದು ನೂರಕ್ಕೆ ಏಳೆಂಟು. ಅದೂ ಸಣ್ಣದಲ್ಲ. 2,000 ಮೆಗಾವಾಟಿನಲ್ಲಿ ನೂರಕ್ಕೆ ಏಳು ಎಂದರೆ 140 ಮೆಗಾವಾಟ್, ಅನೇಕ ಊರುಗಳ ಬೆಳಕು. ಹಾಗಿದ್ದರೆ ಇನ್ನೂ ದಪ್ಪ ತಂತಿ ಹಾಕಬಾರದೇ? ಹಾಕಬಹುದು. ಆದರೆ ತಂತಿಗೆ ದುಡ್ಡು ಬೇಕು, ಭಾರ ಹೊರಲು ಟವರಿಗೆ ಉಕ್ಕು ಬೇಕು, ಸಾಲಕ್ಕೆ ಬಡ್ಡಿ ಬೇಕು. ಲಾರ್ಡ್ ಕೆಲ್ವಿನ್ 1881ರಲ್ಲೇ ಇದಕ್ಕೆ ಒಂದು ಸೂತ್ರ ಹೇಳಿಟ್ಟಿದ್ದಾರೆ: ತಂತಿಗೆ ಹಾಕಿದ ದುಡ್ಡಿನ ವರ್ಷದ ಖರ್ಚು, ಆ ತಂತಿಯಲ್ಲಿ ವರ್ಷಕ್ಕೆ ಹಾಳಾಗುವ ಶಕ್ತಿಯ ಬೆಲೆ, ಇವೆರಡೂ ಸರಿಸಮವಾಗುವ ದಪ್ಪವೇ ಸರಿಯಾದ ದಪ್ಪ. ನಷ್ಟವನ್ನು ಸೊನ್ನೆ ಮಾಡುವುದು ಎಂಜಿನಿಯರಿನ ಗುರಿ ಅಲ್ಲ. ನಷ್ಟ, ಅದನ್ನು ತಪ್ಪಿಸುವ ಖರ್ಚು, ಎರಡನ್ನೂ ಕೂಡಿಸಿ ಕನಿಷ್ಠ ಮಾಡುವುದು ಗುರಿ. ದೊಡ್ಡ ಸಾಲುಗಳನ್ನು ಕಟ್ಟುವಾಗ ಈ ಲೆಕ್ಕವನ್ನು ಶ್ರದ್ಧೆಯಿಂದ ಮಾಡುತ್ತಾರೆ. ನಮ್ಮ ರಾಜ್ಯದ ಒಳಗಿನ ದೊಡ್ಡ ಸಾಗಣೆ ಸಾಲುಗಳಲ್ಲಿ ನಷ್ಟ ನೂರಕ್ಕೆ ಮೂರರ ಆಸುಪಾಸು ಇರುತ್ತದೆ.

ಹಾಗಿದ್ದರೂ ದೇಶದ ಒಟ್ಟು ಸಾಗಣೆ ಮತ್ತು ವಿತರಣೆಯ ನಷ್ಟ 2000ದ ಇಸವಿಯ ಸುಮಾರಿಗೆ ಮೂರರಲ್ಲಿ ಒಂದು ಭಾಗ ಇತ್ತು. ಈಗ ಇಳಿದಿದೆ, ಆರರಲ್ಲಿ ಒಂದರ ಆಸುಪಾಸಿಗೆ ಬಂದಿದೆ. ದೊಡ್ಡ ಸಾಲಿನಲ್ಲಿ ಹೋಗುವುದು ಇಷ್ಟು ಕಡಿಮೆಯಾದರೆ ಉಳಿದದ್ದು ಎಲ್ಲಿ ಹೋಯಿತು? ಒಂದು ಪಾಲು ಕಳ್ಳತನ, ಕೆಟ್ಟ ಮೀಟರು. ಅದನ್ನು ಪೊಲೀಸರಿಗೂ ವಿಚಕ್ಷಣ ದಳದವರಿಗೂ ಬಿಡೋಣ. ಇನ್ನೊಂದು ಪಾಲು ಹೋಗುವ ಜಾಗ ನೋಡಬೇಕಾದರೆ ಒಡಿಶಾಕ್ಕೆ ಹೋಗಬೇಕಿಲ್ಲ. ಶಾಲೆಯ ಗೇಟು ದಾಟಿ, ಕೆರೆ ಏರಿಯ ಪಕ್ಕದ ಟ್ರಾನ್ಸ್‌ಫಾರ್ಮರಿನಿಂದ ತೋಟಗಳ ಕಡೆಗೆ ಹೋಗುವ ಕಂಬಗಳ ಸಾಲನ್ನು ನೋಡಿದರೆ ಸಾಕು.

ಮಕ್ಕಳಿಗೆ ಇಲ್ಲಿ ಒಂದು ತಮಾಷೆಯ ವಿಷಯ. ನಮ್ಮ ಅಲ್ಯೂಮಿನಿಯಂ ತಂತಿಗಳಿಗೆಲ್ಲ ಪ್ರಾಣಿಗಳ ಹೆಸರು. ಬಹಳ ತೆಳುವಾದದ್ದು ಸ್ಕ್ವಿರೆಲ್, ಅಂದರೆ ಅಳಿಲು. ಅದಕ್ಕಿಂತ ತುಸು ದಪ್ಪ ವೀಸೆಲ್, ಆಮೇಲೆ ರ‍್ಯಾಬಿಟ್, ಎಂದರೆ ಮೊಲ. ಹಾಗೇ ನಾಯಿ, ತೋಳ, ಚಿರತೆ, ಜೀಬ್ರಾ, ಕೊನೆಗೆ ಮೂಸ್ ಎಂಬ ದೊಡ್ಡ ಕಡವೆ. ಸ್ಟೋರಿನಲ್ಲಿ ಕುಳಿತು ಇಂಡೆಂಟ್ ಬರೆಯುವಾಗ ಮೃಗಾಲಯ ನಡೆಸಿದ ಹಾಗೆ ಅನ್ನಿಸುತ್ತಿತ್ತು. ದೊಡ್ಡ ಟವರಿನ ಮೇಲೆ ಮೂಸ್ ಓಡಾಡುತ್ತದೆ, ನಮ್ಮ ಹೊಲದ ಕಂಬದ ಮೇಲೆ ಮೊಲ, ಎಷ್ಟೋ ಕಡೆ ಅಳಿಲು. ಒಂದು ಕಿಲೋಮೀಟರ್ ಮೂಸಿಗಿಂತ ಒಂದು ಕಿಲೋಮೀಟರ್ ಮೊಲದ ರೋಧ ಸುಮಾರು ಹತ್ತು ಪಟ್ಟು ಹೆಚ್ಚು. ಮೊಲದ್ದು ಕಿಲೋಮೀಟರಿಗೆ ಅರ್ಧ ಓಮಿಗಿಂತ ಸ್ವಲ್ಪ ಜಾಸ್ತಿ, 0.55 ಎಂದಿಟ್ಟುಕೊಳ್ಳಿ.

ಈಗ ಲೆಕ್ಕ. ಒಂದು 63 ಕೆವಿಎ ಟ್ರಾನ್ಸ್‌ಫಾರ್ಮರು. ಅಲ್ಲಿಂದ ಒಂದು ಕಿಲೋಮೀಟರ್ ಮೊಲದ ತಂತಿ, ಅದೂ 415 ವೋಲ್ಟಿನದು. ಕೊನೆಯಲ್ಲಿ ಹತ್ತು ಅಶ್ವಶಕ್ತಿಯ ಐದು ಬೋರ್‌ವೆಲ್ ಪಂಪು. ಹತ್ತರ ಪಂಪೊಂದು ಹದಿನಾರು ಆಂಪಿಯರ್ ಎಳೆಯುತ್ತದೆ, ಐದಕ್ಕೆ ಎಂಬತ್ತು. ಎಂಬತ್ತರ ವರ್ಗ 6,400. ಅದನ್ನು 0.55ರಿಂದ ಗುಣಿಸಿ, ಮೂರು ತಂತಿ ಇರುವುದರಿಂದ ಮೂರರಿಂದ ಗುಣಿಸಿ. ಬರುವುದು 10,560 ವಾಟ್, ಅಂದರೆ ಹತ್ತೂವರೆ ಕಿಲೋವಾಟ್. ಟ್ರಾನ್ಸ್‌ಫಾರ್ಮರಿನಿಂದ ಆಗ ಹೊರಡುವುದು ಸುಮಾರು 46 ಕಿಲೋವಾಟ್. ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಕಿಲೋಮೀಟರಿನಲ್ಲಿ ಹೋಯಿತು. ಒಡಿಶಾದಿಂದ ಆಂಧ್ರವನ್ನು ಹಾದು 1,400 ಕಿಲೋಮೀಟರ್ ಬರುವಾಗ ನೂರಕ್ಕೆ ಏಳೆಂಟು ಕಳೆದುಕೊಂಡದ್ದು, ಕೆರೆ ಏರಿಯಿಂದ ತೋಟಕ್ಕೆ ಹೋಗುವಾಗ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ. ನೋಟು ಚಿಲ್ಲರೆಯಾದಮೇಲೆ ದೂರ ನಡೆಯಬಾರದು ಎಂದು ನಾನು ಹೇಳುವುದು ಇದಕ್ಕೇ.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಸಾಲಿನ ತುದಿಯಲ್ಲಿ 240 ಇರಬೇಕಾದ ವೋಲ್ಟೇಜು 190ರ ಆಸುಪಾಸಿಗೆ ಇಳಿದಿರುತ್ತದೆ. ಹಳೆಯ ಬಲ್ಬಿನ ಕಾಲದಲ್ಲಿ ಇದು ಕಣ್ಣಿಗೆ ಕಾಣುತ್ತಿತ್ತು. 190ಕ್ಕೆ ಇಳಿದರೆ ಬುರುಡೆ ಬಲ್ಬು ಅರ್ಧ ಬೆಳಕೂ ಕೊಡದೆ ಕೆಂಡದ ಹಾಗೆ ಕೂರುತ್ತಿತ್ತು. ನಮ್ಮ ಬ್ಯಾಚಿನ ಎಸ್ಸೆಸ್ಸೆಲ್ಸಿ ಓದು ಆ ಕೆಂಡದ ಕೆಳಗೇ ಆಯಿತು. ಈಗಿನ ಎಲ್ಇಡಿ ಬಲ್ಬು ಕಡಿಮೆ ವೋಲ್ಟೇಜಿನಲ್ಲೂ ಬೆಳಗುತ್ತದೆ, ಹಾಗಾಗಿ ತೊಂದರೆ ಹೋಯಿತು ಎಂದುಕೊಳ್ಳುತ್ತೇವೆ. ತೊಂದರೆ ಮನೆಯಿಂದ ತೋಟಕ್ಕೆ ಹೋಗಿದೆ ಅಷ್ಟೆ. ಮೋಟರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಇತ್ತ ನೀರಿನ ಭಾರ ಕಡಿಮೆಯಾಗುವುದಿಲ್ಲ, ಆದ್ದರಿಂದ ಮೋಟರು ಹೆಚ್ಚು ಆಂಪಿಯರ್ ಎಳೆಯುತ್ತದೆ. ಆಂಪಿಯರ್ ಹೆಚ್ಚಾದರೆ ತಂತಿಯ ನಷ್ಟ ಇನ್ನೂ ಹೆಚ್ಚು, ವೋಲ್ಟೇಜು ಇನ್ನೂ ಇಳಿತ. ಕೊನೆಗೆ ಸುರುಳಿ ಸುಟ್ಟು ವಾಸನೆ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ, ಅದಕ್ಕೂ ಆಳದ ಬಾವಿಯಿಂದ ಪಂಪು ಮೇಲೆತ್ತುವುದು ಎಂದರೆ ಏನೆಂದು ನಾನು ಹೇಳಬೇಕಿಲ್ಲ. ಲಾರಿ ಕರೆಸಬೇಕು, ಪೈಪು ಒಂದೊಂದಾಗಿ ಬಿಚ್ಚಬೇಕು, ರೀವೈಂಡಿಂಗ್ ಅಂಗಡಿಯ ಮುಂದೆ ಸರದಿ ಕಾಯಬೇಕು. ಅಷ್ಟರಲ್ಲಿ ಟೊಮೆಟೊ ಬಾಡಿರುತ್ತದೆ, ಹಿಪ್ಪುನೇರಳೆ ಸೊಪ್ಪು ಒಣಗಿ ಹುಳ ಉಪವಾಸ ಬಿದ್ದಿರುತ್ತದೆ. ವಿದ್ಯುತ್ ನಷ್ಟದ ಯಾವ ವರದಿಯಲ್ಲೂ ಈ ಖರ್ಚಿಗೆ ಒಂದು ಕಾಲಂ ಇಲ್ಲ. ನಾನು ಸೇವೆಯಲ್ಲಿದ್ದಷ್ಟು ಕಾಲ ತಿಂಗಳು ತಿಂಗಳು ನಷ್ಟದ ತಃಖ್ತೆ ತುಂಬಿದ್ದೇನೆ. ಯೂನಿಟ್ ಬರೆಯುತ್ತಿದ್ದೆವು, ರೂಪಾಯಿ ಬರೆಯುತ್ತಿದ್ದೆವು. ಸುಟ್ಟ ಮೋಟರುಗಳನ್ನು ಬರೆಯಿರಿ ಎಂದು ಯಾರೂ ಕೇಳಲಿಲ್ಲ.

ರೈತ ಏನು ಮಾಡುತ್ತಾನೆ? ನೀರು ಬರುತ್ತಿಲ್ಲ ಎಂದು ಇನ್ನೂ ದೊಡ್ಡ ಮೋಟರು ತರುತ್ತಾನೆ. ಹತ್ತು ಅಶ್ವಶಕ್ತಿವರೆಗೆ ಕರೆಂಟು ಉಚಿತ. ಹಾಗಾಗಿ ತಗಡಿನ ಮೇಲೆ ಹತ್ತು ಅಂತ ಇರುತ್ತದೆ, ಒಳಗೆ ಹದಿನೈದು. ನಗಬೇಡಿ, ಎದುರಿಗೇ ಕುಳಿತಿದ್ದಾರೆ ನನ್ನ ಗೆಳೆಯರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ನೀರು ಇಳಿದ ಹಾಗೆ ಮೋಟರು ದೊಡ್ಡದಾಗಲೇಬೇಕು. ಆದರೆ ಒಬ್ಬರು ದೊಡ್ಡದು ಹಾಕಿದರೆ ಅದೇ ತಂತಿಯ ಪಕ್ಕದವರ ವೋಲ್ಟೇಜು ಬೀಳುತ್ತದೆ, ಅವರೂ ದೊಡ್ಡದು ತರುತ್ತಾರೆ. ತಂತಿ ಮಾತ್ರ ಹಳೆಯದೇ. ಎಷ್ಟೋ ಹಳ್ಳಿಗಳಲ್ಲಿ ಅದನ್ನು ಎಳೆದಾಗ ಇದ್ದದ್ದು ಕೆಲವು ದೀಪ, ತೆರೆದ ಬಾವಿಯ ಒಂದೆರಡು ಸಣ್ಣ ಪಂಪು. ಕೆಲ್ವಿನ್ ಸಾಹೇಬರ ಲೆಕ್ಕವನ್ನು ತಾಲ್ಚೇರ್ ಸಾಲಿಗೆ ಮಾಡಿದವರು ಈ ಸಾಲಿಗೆ ಹೊರೆ ಹತ್ತು ಪಟ್ಟಾದಮೇಲೂ ಮತ್ತೆ ಮಾಡಲಿಲ್ಲ. ನನ್ನ ಮಟ್ಟಿಗೆ ಇದು ತಂತ್ರಜ್ಞಾನದ ಕೊರತೆ ಅಲ್ಲ, ಗಮನದ ಕೊರತೆ. ದೊಡ್ಡ ಸಾಲು ಕೆಟ್ಟರೆ ಪತ್ರಿಕೆಯಲ್ಲಿ ಬರುತ್ತದೆ. ಕೊನೆಯ ಕಂಬದಲ್ಲಿ ವೋಲ್ಟೇಜು ಬಿದ್ದರೆ ಬೀದಿಯಲ್ಲೂ ಸುದ್ದಿಯಾಗುವುದಿಲ್ಲ.

ರೂಪಾಯಿಗೆ ತಿರುಗಿಸೋಣ. ದಿನಕ್ಕೆ ಏಳು ಗಂಟೆ ಮೂರು ಫೇಸ್, ವರ್ಷಕ್ಕೆ ಇನ್ನೂರು ದಿನ ಎಂದಿಟ್ಟುಕೊಂಡರೆ, ಆ ಒಂದು ಕಿಲೋಮೀಟರಿನಲ್ಲಿ ವರ್ಷಕ್ಕೆ 14,700 ಯೂನಿಟ್ ಶಾಖವಾಗುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 88,000ಕ್ಕೂ ಹೆಚ್ಚು. ಐದು ಪಂಪಿನ ಒಂದು ಸಾಲಿಗೆ ಇಷ್ಟು. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ಟುಗಳಿವೆ. ಎಲ್ಲವೂ ಇಂಥ ತುದಿಯಲ್ಲೇ ಇಲ್ಲ, ಹಾಗಾಗಿ ಗುಣಿಸಿ ಹೆದರಿಸುವುದಿಲ್ಲ. ಈ ದುಡ್ಡನ್ನು ಯಾರು ಕಟ್ಟುತ್ತಾರೆ? ಪಂಪಿನ ಕರೆಂಟಿನ ಹಣ ಸರ್ಕಾರ ಕೊಡುತ್ತದೆ, ಎಂದರೆ ತೆರಿಗೆ ಕಟ್ಟುವವರು. ವಿದ್ಯುತ್ ದರ ನಿಗದಿ ಮಾಡುವ ಆಯೋಗ ಇಷ್ಟು ನಷ್ಟದವರೆಗೆ ದರದಲ್ಲಿ ಸೇರಿಸಬಹುದು ಎಂದು ಒಂದು ಮಿತಿ ಹಾಕುತ್ತದೆ. ಆ ಪಾಲು ಮೀಟರ್ ಇರುವ ಪ್ರತಿ ಮನೆ, ಅಂಗಡಿ, ಕಾರ್ಖಾನೆಯ ಬಿಲ್ಲಿನಲ್ಲಿ ಕಾಣದ ಹಾಗೆ ಕುಳಿತಿರುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಬಹುಪಾಲು ಪಂಪುಗಳಿಗೆ ಮೀಟರೇ ಇಲ್ಲ. ಮೀಟರಿಲ್ಲದ ಕಡೆ ರೈತ ಬಳಸಿದ್ದು ಎಷ್ಟು, ತಂತಿ ತಿಂದದ್ದು ಎಷ್ಟು ಎಂದು ಬೇರ್ಪಡಿಸುವುದು ಅಂದಾಜಿನ ಕೆಲಸ. ತಂತಿ ತಿಂದದ್ದೂ ರೈತನ ಲೆಕ್ಕಕ್ಕೆ ಹೋಗುವ ಸಾಧ್ಯತೆ ಯಾವಾಗಲೂ ಇರುತ್ತದೆ. ಆಮೇಲೆ ಪೇಟೆಯವರು ಪುಕ್ಕಟೆ ಕರೆಂಟು ಸುರಿಯುತ್ತಾರೆ ಎಂದು ಹಳ್ಳಿಯ ಕಡೆ ಬೆರಳು ತೋರಿಸುತ್ತಾರೆ. ಮೀಟರು ಎಂದರೆ ನಮ್ಮವರಿಗೆ ಬಿಲ್ಲು ಬಂದೀತೆಂಬ ಭಯ. ಆ ಭಯಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಆದರೆ ಕನಿಷ್ಠ ಟ್ರಾನ್ಸ್‌ಫಾರ್ಮರಿಗೊಂದು ಮೀಟರು ಇದ್ದರೆ ರೈತನ ಪರವಾಗಿ ಸಾಕ್ಷಿ ಹೇಳುವುದು ಅದೇ.

ಆ 14,700 ಯೂನಿಟ್ ಕಲ್ಲಿದ್ದಲಿನಿಂದ ಬಂದದ್ದಾದರೆ, ಯೂನಿಟ್ಟಿಗೆ ಸುಮಾರು 700 ಗ್ರಾಂ ಲೆಕ್ಕದಲ್ಲಿ ಹತ್ತು ಟನ್ ಕಲ್ಲಿದ್ದಲು, ಒಂದು ಲಾರಿ ಲೋಡು. ತಾಲ್ಚೇರಿನ ಯಾರೋ ಅದನ್ನು ಅಗೆದಿದ್ದಾರೆ, ಅದರ ಬೂದಿ ಅಲ್ಲಿಯವರ ಊರಿನ ಪಕ್ಕ ಬಿದ್ದಿದೆ, ಹೊಗೆ ಅಲ್ಲಿಯ ಮಕ್ಕಳು ಕುಡಿದಿದ್ದಾರೆ. ಅಷ್ಟೆಲ್ಲ ಆಗಿ ಬಂದದ್ದು ನಮ್ಮ ಹುಣಸೆಮರದ ಪಕ್ಕ ಕಾಗೆಯ ಕಾಲು ಬೆಚ್ಚಗೆ ಮಾಡಿ ಹೋಯಿತು.

ಪರಿಹಾರಗಳು ಹೊಸವಲ್ಲ, ಬೇಗ ಹೇಳುತ್ತೇನೆ. ಮೋಟರಿನ ಪಕ್ಕದಲ್ಲಿ ಸರಿಯಾದ ಅಳತೆಯ ಕೆಪಾಸಿಟರು ಕೂರಿಸಿದರೆ ಪವರ್ ಫ್ಯಾಕ್ಟರು 0.8ರಿಂದ 0.95ಕ್ಕೆ ಏರಿ, ಹದಿನಾರರ ಕಡೆ ಹದಿಮೂರೂವರೆ ಆಂಪಿಯರ್ ಸಾಕಾಗುತ್ತದೆ. ವರ್ಗದ ನಿಯಮದಿಂದ ತಂತಿಯ ನಷ್ಟ ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಖರ್ಚು ಕೆಲವು ಸಾವಿರ. ಆದರೆ ಐದರಲ್ಲಿ ಒಬ್ಬರು ಮಾತ್ರ ಹಾಕಿದರೆ ಲಾಭ ಕಾಣಿಸುವುದಿಲ್ಲ, ಐದೂ ಜನ ಒಟ್ಟಿಗೆ ಹಾಕಬೇಕು. ಇದಕ್ಕಿಂತ ದೊಡ್ಡ ಪರಿಹಾರ 11,000 ವೋಲ್ಟಿನ ತಂತಿಯನ್ನೇ ತೋಟದವರೆಗೆ ಒಯ್ದು, ಎರಡು ಮೂರು ಪಂಪಿಗೊಂದು ಚಿಕ್ಕ ಟ್ರಾನ್ಸ್‌ಫಾರ್ಮರು ಇಡುವುದು. ಆ ಕಿಲೋಮೀಟರನ್ನು 415ರ ಬದಲು 11,000ದಲ್ಲಿ ದಾಟಿದರೆ, ಅದೇ ತಂತಿಯಲ್ಲಿ ನಷ್ಟ ಏಳುನೂರರಲ್ಲಿ ಒಂದು ಪಾಲಾಗುತ್ತದೆ. ಏಳುನೂರು, ಎಪ್ಪತ್ತಲ್ಲ. ಸರ್ಕಾರದ ಯೋಜನೆಗಳಲ್ಲಿ ಕೆಲವು ಕಡೆ ಇದನ್ನು ಮಾಡಿದ್ದಾರೆ. ಮಾಡಿದ ಕಡೆ ಕೊಕ್ಕೆ ಹಾಕುವುದೂ ನಿಂತಿದೆ, 11,000ಕ್ಕೆ ಕೊಕ್ಕೆ ಹಾಕುವ ಧೈರ್ಯ ಯಾರಿಗಿದೆ?

ಸಣ್ಣ ಕೆಲಸಗಳೂ ಇವೆ. ಕಂಬದ ಮೇಲೆ ತಂತಿಗೆ ತಂತಿ ತಿರುಚಿ ಹಾಕಿದ ಜೋಡಣೆ ಸಡಿಲವಾಗಿ, ಹತ್ತರಲ್ಲಿ ಒಂದು ಓಮ್ ರೋಧ ತೋರಿಸಿದರೂ, ಎಂಬತ್ತು ಆಂಪಿಯರಿನಲ್ಲಿ ಅಲ್ಲಿ 640 ವಾಟ್ ಸುಡುತ್ತದೆ. ಕಂಬದ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತ ಹಾಗೆ. ಹಳೆಯ ಲೈನ್‌ಮನ್ನರು ಕತ್ತಲಾದಮೇಲೆ ಸಾಲಿನ ಕೆಳಗೆ ನಡೆದು, ಎಲ್ಲಿ ಜೋಡಣೆ ಕೆಂಪಗೆ ಮಿನುಗುತ್ತದೆ ಎಂದು ನೋಡಿ ಗುರುತು ಹಾಕಿಕೊಳ್ಳುತ್ತಿದ್ದರು. ನಾನು ಕೆಲಸ ಕಲಿತದ್ದು ಅರ್ಧ ಕಾಲೇಜಿನಲ್ಲಿ, ಅರ್ಧ ಅವರ ಹಿಂದೆ ಟಾರ್ಚು ಹಿಡಿದು ನಡೆದು.

ಕಳೆದ ವಾರ ಈ ಶಾಲೆಗೆ ಬಂದಾಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕೇಳಿದಳು: ನಮ್ಮ ಹೊಲದ ಮೇಲೇ ದೊಡ್ಡ ಟವರು ಹೋಗಿದೆ ಸಾರ್, ಅದರಿಂದಲೇ ನಮ್ಮ ಮನೆಗೆ ಒಂದು ವೈರು ಕೊಡಬಾರದೇ? ಅಲ್ಲಿ ಓಡುತ್ತಿರುವುದು ಲಕ್ಷಗಟ್ಟಲೆ ರೂಪಾಯಿಯ ನೋಟು ಎಂದೆ. ಅದನ್ನು ಚಿಲ್ಲರೆ ಮಾಡಲು ಕೋಟಿಗಟ್ಟಲೆ ಖರ್ಚಿನ ಸಬ್‌ಸ್ಟೇಷನ್ನು ಬೇಕು, ಒಂದು ಮನೆಗಾಗಿ ಕಟ್ಟಲು ಆಗುವುದಿಲ್ಲ. ಅವಳು ಒಪ್ಪಿದಳು. ಆದರೆ ಟವರಿನ ಬುಡದ ಜಾಗ ನಮ್ಮದು, ಅದರ ಕೆಳಗೆ ಮಾವಿನ ಗಿಡ ಎತ್ತರ ಬೆಳೆಸುವ ಹಾಗಿಲ್ಲ, ಕೊನೆಗೆ ಲೋ ವೋಲ್ಟೇಜೂ ನಮಗೇ ಎಂದಳು. ಅದಕ್ಕೆ ನನ್ನ ಹತ್ತಿರ ಎಂಜಿನಿಯರಿಂಗ್ ಉತ್ತರ ಇರಲಿಲ್ಲ. ಜಮೀನಿನ ಪರಿಹಾರದ ಉತ್ತರ ಇರಬೇಕಾದದ್ದು ಸರ್ಕಾರದ ಹತ್ತಿರ.

ಅವಳಿಗೂ ಅವಳ ತರಗತಿಗೂ ಒಂದು ಕೆಲಸ ಒಪ್ಪಿಸಿ ಮಾತು ಮುಗಿಸುತ್ತೇನೆ. ನಮ್ಮ ಬ್ಯಾಚಿನವರು ಸೇರಿ ಪ್ರಯೋಗಾಲಯಕ್ಕೆ ಗೋಡೆಯ ಪ್ಲಗ್ಗಿಗೆ ಚುಚ್ಚುವ ಹತ್ತು ವೋಲ್ಟ್‌ಮೀಟರುಗಳನ್ನು ತಂದುಕೊಟ್ಟಿದ್ದೇವೆ. ತೆರೆದ ವೈರು ಇಲ್ಲದ, ಅಂಕಿ ಮಾತ್ರ ತೋರಿಸುವ ಜಾತಿಯವು. ಊರಿನ ಬೇರೆ ಬೇರೆ ಬೀದಿಯ ಹತ್ತು ಮಕ್ಕಳು ಮನೆಗೆ ಒಯ್ಯಿರಿ. ಒಂದು ಟ್ರಾನ್ಸ್‌ಫಾರ್ಮರಿನ ಪಕ್ಕದ ಮನೆಗೆ ಹೋಗಲಿ, ಒಂದು ಕೊನೆಯ ಕಂಬದ ಮನೆಗೆ ಹೋಗಲೇಬೇಕು. ಬೆಳಗ್ಗೆ ಆರಕ್ಕೆ, ಪಂಪು ಓಡುವ ಹೊತ್ತಿಗೆ, ಸಂಜೆ ಏಳೂವರೆಗೆ, ಹೀಗೆ ದಿನಕ್ಕೆ ಮೂರು ಸಲ ಅಂಕಿ ಬರೆಯಿರಿ. ಪಂಪಿನ ಪೆಟ್ಟಿಗೆ, ಫ್ಯೂಸು, ಕಂಬ ಇವುಗಳ ಹತ್ತಿರ ಯಾರೂ ಹೋಗಕೂಡದು, ಇದನ್ನು ಎರಡು ಸಲ ಹೇಳುತ್ತೇನೆ, ಹೋಗಕೂಡದು. ಒಂದು ತಿಂಗಳ ಅಂಕಿ ಒಂದೇ ಹಾಳೆಯಲ್ಲಿ ಗ್ರಾಫ್ ಮಾಡಿ. ಮೇಡಂ ಸಹಿ ಹಾಕಲಿ. ಅದನ್ನು ಅರ್ಜಿಯ ಜೊತೆ ಲಗತ್ತಿಸಿ ಊರಿನ ಹಿರಿಯರು ವಿದ್ಯುತ್ ಕಚೇರಿಗೆ ಒಯ್ಯಲಿ. ಲೋ ವೋಲ್ಟೇಜು ಎಂದು ಬರೆದ ಅರ್ಜಿಗಳು ಸಾವಿರ ಬರುತ್ತವೆ. ಕೊನೆಯ ಕಂಬದಲ್ಲಿ ಇಂಥ ದಿನ ಇಂಥ ಹೊತ್ತಿಗೆ ಇಷ್ಟು ಎಂದು ಮೂವತ್ತು ದಿನದ ಅಂಕಿ ಇರುವ ಅರ್ಜಿ ನನ್ನ ಮೇಜಿಗೆ ಇಷ್ಟು ವರ್ಷದಲ್ಲಿ ಎರಡೇ ಎರಡು ಬಂದಿದ್ದವು. ಎರಡೂ ಕಡೆ ಟ್ರಾನ್ಸ್‌ಫಾರ್ಮರು ಬದಲಾಯಿತು.

ವೋಲ್ಟ್‌ಮೀಟರುಗಳು ಕಪಾಟಿನ ಎರಡನೆಯ ಅಂಕಣದಲ್ಲಿವೆ, ಕೀಲಿ ಮೇಡಂ ಹತ್ತಿರ ಇದೆ.